ಸಾಕ್ಷ್ಯಸಂಗ್ರಹವು ಪ್ರಜೆಗಳ ಹೊಣೆ

ಶಸ್ತ್ರಬಲದಿಂದ ಪ್ರಜೆಗಳನ್ನು ಪೀಡಿಸಿದ ಅಧಿಕಾರವು ತನ್ನ ಕೃತ್ಯದ ಲೆಕ್ಕವನ್ನು ತಾನೇ ಬರೆಯಹೊರಟರೆ, ಆ ಲೆಕ್ಕವು ಎಂತಹದಿದ್ದೀತೆಂಬುದನ್ನು ವಾಚಕರು ಸುಲಭವಾಗಿ ಊಹಿಸಬಹುದು. ಆದುದರಿಂದಲೇ ಇಂತಹ ಪ್ರಸಂಗಗಳಲ್ಲಿ ಸಾಕ್ಷ್ಯವನ್ನು ಕೂಡಹಾಕುವ ಭಾರವು ಪ್ರಜೆಗಳ ಸಂಸ್ಥೆಗಳ ಮೇಲೆ ಬೀಳುತ್ತದೆ. ಆ ಭಾರವನ್ನು ಹೇಗೆ ಹೊರಬೇಕೆಂಬುದಕ್ಕೆ ನಮ್ಮ ದೇಶವೇ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ.

೧೯೧೯ನೆಯ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಜನರಲ್ ಡಯರನು ೧,೬೫೦ ಗುಂಡುಗಳನ್ನು ಹಾರಿಸಿದನು. ಮರುದಿನ ಗುಜರಾನ್‌ವಾಲಾದ ಮೇಲೆ ವಿಮಾನಗಳಿಂದ ಬಾಂಬುಗಳು ಬಿದ್ದವು. ಬಳಿಕ ಲಷ್ಕರೀ ಕಾಯಿದೆ ಬಂದಿತು. ಅಮೃತಸರದ ಒಂದು ಓಣಿಯಲ್ಲಿ ಜನರು ಹೊಟ್ಟೆಯ ಮೇಲೆ ತೆವಳಬೇಕಾಯಿತು. ಪತ್ರಿಕೆಗಳ ಬಾಯಿ ಕಟ್ಟಲಾಯಿತು. ಸೆಪ್ಟೆಂಬರದಲ್ಲಿ, ವಿಚಾರಣೆಯು ಆರಂಭವಾಗುವ ಮೊದಲೇ, ಅಧಿಕಾರಿಗಳನ್ನು ರಕ್ಷಿಸುವ ಶಾಸನವು ಸಿದ್ಧವಾಯಿತು.

ಸರಕಾರವು ಹಂಟರ್ ಸಮಿತಿಯನ್ನು ನೇಮಿಸಿತು ನಿಜ. ಆದರೆ ಸೆರೆಯಲ್ಲಿದ್ದ ಪಂಜಾಬದ ಮುಂದಾಳುಗಳನ್ನು ಸಾಕ್ಷ್ಯಕ್ಕಾಗಿ ಬಿಡಲು ಒಪ್ಪಲಿಲ್ಲ. ಆಗ ರಾಷ್ಟ್ರೀಯ ಮಹಾಸಭೆಯು ಆ ಸಮಿತಿಯಿಂದ ದೂರವುಳಿದು ತನ್ನದೇ ವಿಚಾರಣಾ ಮಂಡಲಿಯನ್ನು ಏರ್ಪಡಿಸಿತು. ವರದಿಗೆ ಸಹಿ ಮಾಡಿದ ಗಾಂಧೀಜಿ, ಚಿತ್ತರಂಜನ ದಾಸ, ಅಬ್ಬಾಸ್ ತ್ಯಾಬ್ಜಿ, ಜಯಕರ ಈ ನಾಲ್ವರೂ ಬ್ಯಾರಿಸ್ಟರರು. ೧,೭೦೦ಕ್ಕೂ ಮಿಕ್ಕ ಸಾಕ್ಷಿಗಳ ಹೇಳಿಕೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ೬೫೦ನ್ನು ಮಾತ್ರ ಪ್ರಕಟಣೆಗೆ ಆರಿಸಿದರು. ಲೇಶಮಾತ್ರ ಸಂದೇಹವಿದ್ದ ಹೇಳಿಕೆಯನ್ನೂ ಸೇರಿಸಲಿಲ್ಲವೆಂದು ವರದಿಯ ಕರಡನ್ನು ಬರೆದ ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ೧೯೨೦ನೆಯ ಮಾರ್ಚ್ ೨೫ರಂದು ವರದಿಯು ಹೊರಬಿದ್ದಿತು. ಬಾಗಿನಲ್ಲಿ ಸತ್ತವರು ೩೭೯ ಎಂಬುದು ಹಂಟರ್ ಸಮಿತಿಯ ಲೆಕ್ಕ. ಸಾವಿರವೆಂದರೂ ಅತಿಶಯೋಕ್ತಿಯಾಗದೆಂಬುದು ಮಂಡಲಿಯ ಅಭಿಪ್ರಾಯ.

ಜನರ ಒಡಲು ಉರಿಯುತ್ತಿದ್ದ ಕಾಲದಲ್ಲಿ ಇಂತಹ ಸಂಯಮವು ಸುಲಭವಾಗಿರಲಿಲ್ಲ. ಆದರೆ ಒಂದು ಸುಳ್ಳು ಹೇಳಿಕೆ ನುಸುಳಿದರೂ, ಅದನ್ನೇ ಹಿಡಿದು ಉಳಿದ ನೂರು ಸತ್ಯಗಳನ್ನು ತಳ್ಳಿಹಾಕಲು ಅಪರಾಧಿಯ ಪಕ್ಷದವರು ಹೊಂಚುಹಾಕಿರುತ್ತಾರೆ. ಮಂಡಲಿಯವರು ಆ ಅವಕಾಶವನ್ನು ಕೊಡಲಿಲ್ಲ.

ಇದರಿಂದ ನ್ಯಾಯ ದೊರೆಯಿತೇ? ೧೯೨೦ನೆಯ ಜುಲೈಯಲ್ಲಿ ಬ್ರಿಟನ್ನಿನ ಲಾರ್ಡರ ಸಭೆಯು ಡಯರನ ಪಕ್ಷವನ್ನೇ ವಹಿಸಿತು. ಅವನಿಗಾಗಿ ೨೬,೦೦೦ ಪೌಂಡುಗಳ ನಿಧಿಯೂ ಕೂಡಿತು. ಆದರೂ ಶ್ರಮವು ವ್ಯರ್ಥವಾಗಲಿಲ್ಲ. ಅದೇ ಸೆಪ್ಟೆಂಬರದಲ್ಲಿ ಕಲಕತ್ತೆಯಲ್ಲಿ ಮಹಾಸಭೆಯು ಅಸಹಕಾರದ ನಿರ್ಣಯವನ್ನು ಕೈಕೊಂಡಾಗ, ಪಂಜಾಬದ ಅನ್ಯಾಯವು ಅದರ ಮುಖ್ಯ ಕಾರಣಗಳಲ್ಲೊಂದಾಗಿದ್ದಿತು.

ಇದೇ ಕಾರ್ಯವನ್ನು ಇಂದು ಯುದ್ಧಪೀಡಿತವಾದ ಅನ್ಯದೇಶಗಳ ಪ್ರಜೆಗಳೂ ಮಾಡುತ್ತಿದ್ದಾರೆ. ರಷ್ಯದ ಸೇನೆಯು ೨೦೨೨ರಲ್ಲಿ ಯುಕ್ರೇನಿನ ಮೇಲೆ ಏರಿಬಂದಾಗಿನಿಂದ ಅಲ್ಲಿಯ ಯುದ್ಧಾಪರಾಧಗಳನ್ನು ದಾಖಲಿಸುತ್ತ ಬಂದ ಕೀವ್ ನಗರದ ಪೌರಸ್ವಾತಂತ್ರ್ಯ ಕೇಂದ್ರವು, ಅದೇ ವರ್ಷದ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲುಗೊಂಡಿತು. ೨೦೨೩ನೆಯ ಮಾರ್ಚ್ ೧೭ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು, ಮಕ್ಕಳನ್ನು ಅಕ್ರಮವಾಗಿ ಸಾಗಿಸಿದ ಆರೋಪದ ಮೇಲೆ, ರಷ್ಯದ ಅಧ್ಯಕ್ಷನಿಗೇ ಬಂಧನದ ವಾರಂಟನ್ನು ಹೊರಡಿಸಿತು. ೧೯೧೯ರ ಪಂಜಾಬಕ್ಕೆ ಇಂತಹ ನ್ಯಾಯಸ್ಥಾನವೊಂದು ಇರಲಿಲ್ಲ.

ನ್ಯಾಯಸ್ಥಾನವಿದ್ದರೂ ಅದು ತಾನಾಗಿ ಕಾಣಲಾರದು. ನೊಂದವರ ಮಾತನ್ನು ನೆನಪು ಮಾಸುವ ಮುನ್ನ ಬರೆದುಕೊಂಡು, ಪರೀಕ್ಷಿಸಿ, ಸಾಕ್ಷಿಗಳಿಗೆ ಕೇಡು ತಟ್ಟದಂತೆ ಕಾಪಾಡುವವರು ಬೇಕು. ಎಲ್ಲಿಯೇ ಆಗಲಿ, ಯಾರ ಮೇಲೆಯೇ ಆಗಲಿ ಅತ್ಯಾಚಾರ ನಡೆದಾಗ ಈ ಕೆಲಸಕ್ಕೆ ಕೈಹಚ್ಚುವವರನ್ನು ಬೆಂಬಲಿಸುವುದು, ಪಂಜಾಬದ ಗಾಯವನ್ನುಂಡ ನಮ್ಮ ಜನಕ್ಕೆ ಒಪ್ಪುವ ಕರ್ತವ್ಯವಾಗಿದೆ.