ಕೊಳವೆಯೊಳಗಿನ ಸುತ್ತಿಗೆ

ರಾತ್ರಿಯ ನಿಶ್ಶಬ್ದದಲ್ಲಿ ಸ್ನಾನದ ಮನೆಯ ನಲ್ಲಿಯನ್ನು ತಟಕ್ಕನೆ ನಿಲ್ಲಿಸಿದೊಡನೆ ಗೋಡೆಯೊಳಗಿಂದ ‘ಢಣ್’ ಎಂಬ ಸದ್ದು ಕೇಳಿಬರುವುದುಂಟು. ಮನೆಗೆ ಬಂದ ನೆಂಟರು ಬೆಚ್ಚಿಬೀಳುತ್ತಾರೆ. ಮನೆಯವರು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿರುತ್ತಾರೆ. ಆದರೆ ಈ ಸದ್ದನ್ನು ಅಲಕ್ಷ್ಯಮಾಡುವುದು ಸರಿಯಲ್ಲ. ಕೊಳವೆಯನ್ನು ಬಡಿಯುವ ಸುತ್ತಿಗೆಯೊಂದು ನಿಜವಾಗಿಯೂ ಅದರೊಳಗಿದೆ. ನೀರೇ ಆ ಸುತ್ತಿಗೆ. ಈ ವಿದ್ಯಮಾನಕ್ಕೆ ಜಲಾಘಾತವೆಂದು ಹೆಸರು.

ನೀರಿನಂಥ ಮೃದು ವಸ್ತು ಸುತ್ತಿಗೆಯಾಗುವುದು ಹೇಗೆ? 20 ಮಿಲಿಮೀಟರ್ ಒಳವ್ಯಾಸವುಳ್ಳ, 30 ಮೀಟರ್ ಉದ್ದದ ಕೊಳವೆಯಲ್ಲಿ ಸುಮಾರು 9 ಕಿಲೋಗ್ರಾಂ ನೀರು ಹಿಡಿಯುತ್ತದೆ. ಇಷ್ಟು ನೀರು ಸೆಕೆಂಡಿಗೆ 1 ಮೀಟರ್ ವೇಗದಿಂದ ಹರಿಯುತ್ತಿದೆಯೆಂದು ಭಾವಿಸೋಣ. ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಅದರ ಬಳಿಯಿರುವ ನೀರು ಮಾತ್ರ ಮೊದಲು ನಿಲ್ಲುತ್ತದೆ. ಹಿಂದಿನ ನೀರು ಇನ್ನೂ ಮುನ್ನುಗ್ಗುತ್ತಲೇ ಇರುತ್ತದೆ. ಬಸ್ಸು ಹಠಾತ್ತನೆ ನಿಂತಾಗ ಒಳಗಿರುವವರು ಮುಂದಕ್ಕೆ ವಾಲುವಂತೆ. ಹೀಗೆ ಒತ್ತಿಕೊಂಡ ನೀರಿನ ಒತ್ತಡವು ಅಲೆಯ ರೂಪದಲ್ಲಿ ಹಿಂದಕ್ಕೆ ಓಡುತ್ತದೆ. ಕಬ್ಬಿಣದ ಕೊಳವೆಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 1,200 ಮೀಟರ್. ಅದು ತೊಟ್ಟಿಯವರೆಗೆ ಹೋಗಿ ಮರಳಿ ನಲ್ಲಿಗೆ ಬರುತ್ತದೆ. ಹಲವು ಸಾರಿ ಹೀಗೆ ಹೋಗಿಬಂದು ಕ್ಷೀಣಿಸುತ್ತದೆ. ಅದರಿಂದ ಅಲುಗುವ ಕೊಳವೆಯು ಗೋಡೆಗೆ ಬಡಿದಾಗ ಸದ್ದಾಗುತ್ತದೆ.

ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿಯವರು 1897–98ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಪ್ರಯೋಗಗಳನ್ನು ನಡೆಸಿ ಇದರ ನಿಯಮವನ್ನು ವಿಶದಪಡಿಸಿದರು. ನೀರಿನ ಸಾಂದ್ರತೆ, ಅಲೆಯ ವೇಗ, ಹರಿವಿನ ವೇಗದಲ್ಲಾದ ಇಳಿತ, ಈ ಮೂರನ್ನೂ ಗುಣಿಸಿದರೆ ಒತ್ತಡದ ಏರಿಕೆ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ವಾಯುಮಂಡಲದ ಒತ್ತಡದ ಸುಮಾರು 12 ಪಟ್ಟು! ಹತ್ತು ಮೀಟರ್ ಎತ್ತರದ ತೊಟ್ಟಿಯ ನೀರು ಕೊಡುವ ಒತ್ತಡವಾದರೋ ಸುಮಾರು 1 ಪಟ್ಟು ಮಾತ್ರ. ಎಂದರೆ ಜೋಗದ ಜಲಪಾತದ ಅರ್ಧ ಎತ್ತರದಿಂದ ನೀರಿನ ಕಂಬವೊಂದು ಒತ್ತಿದಷ್ಟು ಬಲವನ್ನು ನಲ್ಲಿಯು ಕ್ಷಣಕಾಲ ತಡೆಯಬೇಕು. ದಿನದಿನವೂ ಇಂಥ ಪೆಟ್ಟು ತಿಂದ ಬೆಸುಗೆಗಳೂ ತಿರುಪುಗಳೂ ಸಡಿಲಗೊಂಡು, ಗೋಡೆಯೊಳಗೆ ನೀರು ಜಿನುಗತೊಡಗಿದರೆ ಆಶ್ಚರ್ಯವೇನು?

ಅದೃಷ್ಟವಶಾತ್ ಪೂರ್ತಿ ಪೆಟ್ಟು ಬೀಳುವುದು ಅಪರೂಪ. ಅಲೆಯು 30 ಮೀಟರ್ ಹೋಗಿ ಮರಳಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಅದಕ್ಕಿಂತ ನಿಧಾನವಾಗಿ ನಲ್ಲಿಯನ್ನು ಮುಚ್ಚಿದಷ್ಟೂ ಪೆಟ್ಟಿನ ಬಲ ತಗ್ಗುತ್ತದೆ. ಹಲವು ಸುತ್ತು ತಿರುಗಿಸಬೇಕಾದ ತಿರುಪಿನ ನಲ್ಲಿಗಳು ಆದಕಾರಣವೇ ಹೆಚ್ಚು ಗದ್ದಲ ಮಾಡುವುದಿಲ್ಲ. ಕಾಲು ಸುತ್ತಿಗೆ ಮುಚ್ಚುವ ನಲ್ಲಿಗಳೂ, ಬಟ್ಟೆ ಒಗೆಯುವ ಯಂತ್ರದ ವಿದ್ಯುತ್ ಕವಾಟಗಳೂ ಈ ವಿಷಯದಲ್ಲಿ ಅಪರಾಧಿಗಳು.

ಪರಿಹಾರಕ್ಕೆ ಮೊದಲು ಸದ್ದು ಯಾವಾಗ ಬರುತ್ತದೆಂಬುದನ್ನು ಗಮನಿಸಬೇಕು. ನಲ್ಲಿಯನ್ನು ನಿಲ್ಲಿಸಿದಾಗ ಒಂದೇ ಪೆಟ್ಟು ಕೇಳಿದರೆ ಅದು ಜಲಾಘಾತ. ನಲ್ಲಿಯನ್ನು ಮೆಲ್ಲನೆ ಮುಚ್ಚಬೇಕು. ಅಲುಗುವ ಕೊಳವೆಯನ್ನು ರಬ್ಬರಿನ ಪಟ್ಟಿಯಿಟ್ಟು ಗೋಡೆಗೆ ಬಿಗಿಸಬೇಕು. ನಲ್ಲಿ ಅರ್ಧ ತೆರೆದಿರುವಾಗ ‘ಗಡಗಡ’ ಎಂದರೆ ಒಳಗಿನ ವಾಷರ್ ಸಡಿಲವಾಗಿ ಅದುರುತ್ತಿರಬಹುದು. ಅದನ್ನು ಬದಲಿಸಿದರೆ ಸಾಕು. ಪಂಪು ನಿಂತೊಡನೆ ಪೆಟ್ಟು ಕೇಳಿದರೆ, ಮೇಲಿನ ತೊಟ್ಟಿಗೆ ಏರುತ್ತಿದ್ದ ನೀರು ಹಿಂದಕ್ಕೆ ಬಿದ್ದು ತಡೆಕವಾಟವನ್ನು ರಪ್ಪನೆ ಮುಚ್ಚುತ್ತಿದೆಯೆಂದು ತಿಳಿಯಬಹುದು. ನೀರು ಹಿಂದಿರುಗುವ ಮುನ್ನವೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಕವಾಟ ಇಲ್ಲಿ ಉಪಯುಕ್ತ.

ಬಿಸಿನೀರು ಬಿಟ್ಟಾಗ ‘ಟಿಕ್ ಟಿಕ್’ ಎನ್ನುವ ಸದ್ದಿನ ಕಾರಣ ಬೇರೆ. 10 ಮೀಟರ್ ಉದ್ದದ ಕಬ್ಬಿಣದ ಕೊಳವೆ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗುವಾಗ ಹಿಡಿಕೆಗಳಲ್ಲಿ ಸಿಕ್ಕಿ ಸಿಕ್ಕಿ ಜಾರುತ್ತದೆ. ಇಲ್ಲಿ ಬಿಗಿಸಿದರೆ ಕೆಡುಕೇ ಹೆಚ್ಚು. ಕೊಳವೆಗೆ ಜಾರಲು ಎಡೆ ಬಿಡಬೇಕು. ಕಾರಣವನ್ನರಿಯದೆ ಮಾಡಿದ ರಿಪೇರಿ ನಿಷ್ಫಲವಾಗುವುದು ಹೀಗೆ.

ಜಲಾಘಾತ ಪ್ರಬಲವಾಗಿದ್ದರೆ ನಲ್ಲಿಯ ಸಮೀಪದಲ್ಲಿ ತಲೆ ಮುಚ್ಚಿದ ನೆಟ್ಟನೆಯ ಕೊಳವೆಯೊಂದನ್ನು ಜೋಡಿಸುವುದುಂಟು. ಅದರಲ್ಲಿ ಸಿಕ್ಕಿಕೊಂಡ ಗಾಳಿಯು ಮೆತ್ತೆಯಂತೆ ಕುಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಆ ಗಾಳಿ ಕ್ರಮೇಣ ನೀರಿನಲ್ಲಿ ಕರಗಿಹೋಗುತ್ತದೆ. ಆಗ ಮುಖ್ಯ ಕವಾಟವನ್ನು ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು, ನೀರನ್ನು ಪೂರ್ತಿಯಾಗಿ ಹರಿಯಬಿಟ್ಟರೆ ಗಾಳಿ ಮತ್ತೆ ತುಂಬಿಕೊಳ್ಳುತ್ತದೆ.

ಈ ಸುತ್ತಿಗೆಯಿಂದ ಕೆಲಸ ಮಾಡಿಸಿಕೊಂಡವರೂ ಇದ್ದಾರೆ. 1783ರಲ್ಲಿ ತಮ್ಮನೊಡನೆ ಬಿಸಿಗಾಳಿಯ ಬೆಲೂನನ್ನು ಹಾರಿಸಿದ ಫ್ರಾನ್ಸಿನ ಜೋಸೆಫ್ ಮಾಂಟ್‌ಗಾಲ್ಫಿಯೆ, 1796ರಲ್ಲಿ ಜಲಾಘಾತದಿಂದಲೇ ನಡೆಯುವ ಪಂಪೊಂದನ್ನು ರಚಿಸಿದನು. ಇಳಿಜಾರಿನಲ್ಲಿ ಹರಿದು ಬರುವ ನೀರು ತನ್ನ ರಭಸದಿಂದಲೇ ಕವಾಟವೊಂದನ್ನು ಮುಚ್ಚುತ್ತದೆ. ಆಗ ಏಳುವ ಒತ್ತಡವು ಸ್ವಲ್ಪ ನೀರನ್ನು ಎತ್ತರಕ್ಕೆ ತಳ್ಳುತ್ತದೆ. ಎಂಜಿನೂ ಬೇಡ, ಇಂಧನವೂ ಬೇಡ. ಮನೆಯಲ್ಲಿ ನಮ್ಮ ನಿದ್ದೆ ಕೆಡಿಸುವ ಪೆಟ್ಟೇ ಅಲ್ಲಿ ಹಗಲಿರುಳೂ ಗುಡ್ಡದ ಮೇಲಕ್ಕೆ ನೀರೇರಿಸುತ್ತದೆ.