ಜೋಳದ ಲ್ಯೂಸಿನ್ ಮತ್ತು ಒಂದು ಕಿಣ್ವ

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಅವು ಊಟದಿಂದಲೇ ಬರಬೇಕು. ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ದಿನನಿತ್ಯ ಉಣ್ಣುವ ಜೋಳದ ರೊಟ್ಟಿಯಲ್ಲಿ ಲ್ಯೂಸಿನ್ ಹೇರಳ. ಜೋಳದ ಪ್ರೋಟೀನಿನಲ್ಲಿ ಸುಮಾರು ಎಂಟನೆಯ ಒಂದು ಪಾಲು ಅದೇ. ಮೈ ಬೆಳೆಯಲು ಬೇಕಾದಷ್ಟು ಬಳಕೆಯಾಗಿ ಉಳಿದದ್ದು ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಒಡೆದು ಶಕ್ತಿಯಾಗುತ್ತದೆ. ಮೊದಲು ಕೀಟೊ ಆಮ್ಲವಾಗುವ ಅದನ್ನು ಮುಂದಿನ ಹಂತಕ್ಕೆ ದಾಟಿಸುವ ಕಿಣ್ವ ಸಂಕೀರ್ಣಕ್ಕೆ ಬಿಸಿಕೆಡಿಎಚ್ ಎಂಬ ಚುಟುಕು ಹೆಸರಿದೆ. ಅದು ಕೆಲಸ ಮಾಡಲು ಥಯಮಿನ್, ಅಂದರೆ ಬಿ1 ಜೀವಸತ್ವ ಬೇಕು. ಊಟದಲ್ಲಿ ಪ್ರೋಟೀನ್ ಕಡಿಮೆಯಾದಾಗ ಇನ್ನೊಂದು ಕಿಣ್ವ ಇದಕ್ಕೆ ಫಾಸ್ಫೇಟ್ ಅಂಟಿಸಿ ಸುಮ್ಮನಾಗಿಸುತ್ತದೆ. ಹೆಚ್ಚಾದಾಗ ಆ ಫಾಸ್ಫೇಟ್ ಕಳಚುತ್ತದೆ.

ಬಿಸಿಕೆಡಿಎಚ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಬರುವ ಕಾಯಿಲೆ ಮೇಪಲ್ ಸಿರಪ್ ಯೂರಿನ್ ಡಿಸೀಸ್. 1954ರಲ್ಲಿ ಅಮೆರಿಕದ ವೈದ್ಯ ಜಾನ್ ಮೆಂಕೆಸ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಹೆರಿಗೆಯ ಹೊತ್ತಿಗೆ ಕೂಸು ಚೆನ್ನಾಗಿಯೇ ಇರುತ್ತದೆ. ಎದೆಹಾಲಿನಲ್ಲೂ ಲ್ಯೂಸಿನ್ ಇರುವುದರಿಂದ ಕೆಲವೇ ದಿನಗಳಲ್ಲಿ ಅದು ರಕ್ತದಲ್ಲಿ ಏರಿ ಮಿದುಳು ಬಾಯತೊಡಗುತ್ತದೆ. ಕೂಸು ಹಾಲು ಬಿಡುತ್ತದೆ, ಮಂಕಾಗುತ್ತದೆ, ಬೆನ್ನು ಬಿಲ್ಲಾಗಿ ಸೆಟೆಯುತ್ತದೆ, ಸೈಕಲ್ ತುಳಿದಂತೆ ಕಾಲಾಡಿಸುತ್ತದೆ; ಆಮೇಲೆ ಫಿಟ್ಸ್, ಪ್ರಜ್ಞಾಹೀನತೆ.

ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುವುದು ಈ ಕಾಯಿಲೆಯ ಗುರುತು. ಆದರೆ ವಾಸನೆಯೊಂದನ್ನೇ ನಂಬುವಂತಿಲ್ಲ. ಬಾಣಂತಿಗೆ ಕೊಡುವ ಮೆಂತ್ಯದಲ್ಲೂ ಅದೇ ವಾಸನೆ ಕೊಡುವ ಸೊಟೊಲೋನ್ ಎಂಬ ವಸ್ತುವಿದೆ. ತಾಯಿ ಮೆಂತ್ಯ ತಿಂದದ್ದಕ್ಕೆ ಆರೋಗ್ಯವಂತ ಕೂಸಿನ ಮೈಯೂ ಹಾಗೆ ನಾರಿದ್ದುಂಟು. ರಕ್ತದಲ್ಲಿನ ಅಮೈನೋ ಆಮ್ಲಗಳನ್ನು ಅಳೆದರೆ ಮಾತ್ರ ಖಾತ್ರಿ.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನು ಬಂದಾಗಲೇ ಕಾಯಿಲೆ. ಇಬ್ಬರೂ ಅದನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಜಗತ್ತಿನಲ್ಲಿ ಸುಮಾರು 1,85,000 ಹೆರಿಗೆಗೊಂದು ಎಂಬ ಲೆಕ್ಕವಿದ್ದರೂ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕಡೆ ಅಪಾಯ ಹೆಚ್ಚು. ಕಲಬುರಗಿ ಸೀಮೆಯಲ್ಲಿ ಆ ರೂಢಿ ಹಳೆಯದು. 1980ರಲ್ಲಿ ಕರ್ನಾಟಕದಲ್ಲೇ ಆರಂಭವಾದ ಯೋಜನೆಯೊಂದರಲ್ಲಿ 1.12 ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಯಿತು. ಹೆಚ್ಚಾಗಿ ಕಂಡ ಅಮೈನೋ ಆಮ್ಲ ದೋಷಗಳಲ್ಲಿ ಟೈರೊಸಿನೇಮಿಯ, ಫಿನೈಲ್‌ಕೀಟೊನೂರಿಯಗಳ ಜೊತೆ ಇದೂ ಇತ್ತು. ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತದ ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ಸಿಗುವಂತಾಗಬೇಕು, ಏಕೆಂದರೆ ಮಿದುಳಿಗಾದ ಹಾನಿ ಮರಳಿ ಸರಿಯಾಗದು.

ಬೇಗ ಗೊತ್ತಾದರೆ ಲ್ಯೂಸಿನ್ ಇಲ್ಲದ ವಿಶೇಷ ಹಾಲಿನ ಪುಡಿ, ಏರಿದ್ದನ್ನು ಇಳಿಸಲು ಬೇಕಾದರೆ ಡಯಾಲಿಸಿಸ್. ಕೆಲವರಿಗೆ ಥಯಮಿನ್ ಕೊಟ್ಟರೆ ಕಿಣ್ವ ತುಸು ಚೇತರಿಸಿಕೊಳ್ಳುತ್ತದೆ. ಮಗು ದೊಡ್ಡದಾದ ಮೇಲೂ ರೊಟ್ಟಿ, ಬೇಳೆ, ಹಾಲು ಅಳತೆಯಲ್ಲೇ ಇರಬೇಕು. ಜ್ವರ, ಉಪವಾಸಗಳಲ್ಲಿ ಮೈಯ ಸ್ನಾಯುವೇ ಕರಗಿ ಲ್ಯೂಸಿನ್ ಏರುವುದರಿಂದ ಆಗ ತಡಮಾಡದೆ ಆಸ್ಪತ್ರೆ ಸೇರಬೇಕು. ಯಕೃತ್ತಿನ ಕಸಿಯಾದವರು ಬಹುತೇಕ ಸಾಮಾನ್ಯ ಊಟ ಮಾಡಬಲ್ಲರು.