ಜೀಪಿಗೆ ಹೊರಗಿನ ಇಂಧನ ಪಂಪು: ಆಯ್ಕೆ ಹೇಗೆ?

ತೋಟದ ಕಚ್ಚಾ ದಾರಿಗೆಂದು ಹಳೆಯ ಪೆಟ್ರೋಲ್ ಜೀಪನ್ನು ಮಾರ್ಪಡಿಸಿ, ಟ್ಯಾಂಕಿನ ಹೊರಗೆ ವಿದ್ಯುತ್ ಇಂಧನ ಪಂಪು ಜೋಡಿಸುವ ರೈತ ಬಾಂಧವರು ಮೊದಲು ಗಮನಿಸಬೇಕಾದುದು ಅದರ ಒತ್ತಡವನ್ನು. ಕಾರ್ಬುರೇಟರ್ ಇರುವ ಎಂಜಿನ್ನಿಗೆ ಚದರ ಅಂಗುಲಕ್ಕೆ ಸುಮಾರು 3ರಿಂದ 5 ಪೌಂಡು ಸಾಕು. ಇಂದಿನ ಇಂಜೆಕ್ಷನ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ 40 ಪೌಂಡು ಅಥವಾ ಅದಕ್ಕೂ ಹೆಚ್ಚು ಬೇಕು. 'ಜೋರಾದ ಪಂಪೇ ಒಳ್ಳೆಯದು' ಎಂದು ಇಂಜೆಕ್ಷನ್ ಪಂಪನ್ನು ಕಾರ್ಬುರೇಟರಿಗೆ ಜೋಡಿಸಿದರೆ ಪೆಟ್ರೋಲ್ ಉಕ್ಕಿ, ಬಿಸಿ ಎಂಜಿನ್ನಿನ ಮೇಲೆ ಸುರಿದು ಬೆಂಕಿ ಹತ್ತಬಹುದು.

ಇಂತಹ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಆದುದರಿಂದ ಅದನ್ನು ಟ್ಯಾಂಕಿನ ಹತ್ತಿರ, ಅದರ ತಳದ ಮಟ್ಟದಲ್ಲಿ, ಕಲ್ಲು ತಾಗದಂತೆ, ಸೈಲೆನ್ಸರ್ ಕೊಳವೆಯಿಂದ ದೂರ ಕೂರಿಸಬೇಕು. ಪಂಪಿಗೆ ಮೊದಲು ಫಿಲ್ಟರ್ ಇರಲಿ.

ಜೀಪು ಮಗುಚಿ ಎಂಜಿನ್ ನಿಂತರೂ ಪಂಪು ಓಡುತ್ತಲೇ ಇರಬಹುದು. ಎಂಜಿನ್ ಆಯಿಲ್ಲಿನ ಒತ್ತಡ ಇಳಿದೊಡನೆ ಪಂಪಿನ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ತಪ್ಪದೆ ಹಾಕಿಸಿರಿ.